ರೋಮಿನ ಅಮೃತಶಿಲೆ, ಕೊಪ್ಪಳದ ಜಹಗೀರು: ಸಾಲಾರ್ ಜಂಗ್ ಕಾಣದೇ ಹೋದ ವಿರಾಮ

ಕೊಪ್ಪಳ: ರಜೆ ಬಂತೆಂದರೆ ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆಯ ದಂಡೆಯಲ್ಲಿ ಜನಜಂಗುಳಿ. ಬಂಡೆಗುಡ್ಡಗಳ ನಡುವೆ ನಿಂತ ನೀರಿನಲ್ಲಿ ಹರಿಗೋಲು ಹತ್ತಿ ಒಂದು ಸುತ್ತು ಹಾಕಿ ಬಂದರೆ ದಣಿವು ಇಳಿಯಿತೆಂಬ ಭಾವ. ಕೈಯಲ್ಲಿ ಕಾಸಿದ್ದವರು ಇನ್ನೂ ದೂರದ ಯೋಜನೆ ಹಾಕುತ್ತಾರೆ. ಇಟಲಿಯ ಕೋಮೊ, ಗಾರ್ಡಾ, ಮಜ್ಜೋರೆ ಸರೋವರಗಳ ಹೆಸರು ಈಗ ನಮ್ಮ ನಗರಗಳ ಪ್ರವಾಸಿಗರಿಗೂ ಹೊಸದಲ್ಲ.

ಆದರೆ ಒಂದೂವರೆ ಶತಮಾನದ ಹಿಂದೆ, ಸಮುದ್ರ ದಾಟುವುದೇ ಸಾಹಸವಾಗಿದ್ದ ಕಾಲದಲ್ಲಿ, ಈ ಸೀಮೆಗೆ ಸಂಬಂಧಪಟ್ಟ ಒಬ್ಬ ಪ್ರಮುಖ ವ್ಯಕ್ತಿ ಇಟಲಿಗೆ ಹೋಗಿ ಬಂದಿದ್ದರು. ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳು ಯಾವ ಮನೆತನದ ಜಹಗೀರಾಗಿದ್ದವೋ ಆ ಮನೆತನದ ಯಜಮಾನರು, ಹೈದರಾಬಾದ್ ಸಂಸ್ಥಾನದ ದಿವಾನರು ಅವರು. ಹೆಸರು ಮೀರ್ ತುರಾಬ್ ಅಲಿ ಖಾನ್. ಇತಿಹಾಸ ಅವರನ್ನು ಮೊದಲನೇ ಸಾಲಾರ್ ಜಂಗ್ ಎಂದು ಗುರುತಿಸುತ್ತದೆ. ಅವರ 1876ರ ಯುರೋಪ್ ಯಾತ್ರೆ ಹೊರನೋಟಕ್ಕೆ ಗಣ್ಯ ಅತಿಥಿಯೊಬ್ಬರ ವಿಹಾರ. ಒಳಗೆ ಅದು ಕೈತಪ್ಪಿದ ಪ್ರಾಂತವೊಂದನ್ನು ಮರಳಿ ಕೇಳುವ ಹೋರಾಟ. ಏಳು ವರ್ಷಗಳ ಬಳಿಕ ಎರಡನೇ ಯಾತ್ರೆಗೆ ಸಿದ್ಧತೆ ನಡೆದಿದ್ದಾಗ ಅವರ ಬದುಕು ಮುಗಿಯಿತು. ಅದೂ ಒಂದು ಕೆರೆಯ ವಿಹಾರದ ಬೆನ್ನಿಗೇ.

ವಿಜಾಪುರದಿಂದ ಹೈದರಾಬಾದಿಗೆ

ಸಾಲಾರ್ ಜಂಗ್ ಮನೆತನದ ಹಿರಿಯರು ಮೊದಲು ವಿಜಾಪುರದ ಆದಿಲಶಾಹಿ ಅರಸರ ಸೇವೆಯಲ್ಲಿದ್ದವರು. ವಿಜಾಪುರ ಮೊಗಲರ ವಶವಾದ ನಂತರ ದೆಹಲಿಯ ಬಾದಶಹರಿಗೆ, ಆಮೇಲೆ ಹೈದರಾಬಾದಿನ ನಿಜಾಮರಿಗೆ ದುಡಿದರು. 1829ರಲ್ಲಿ ಜನಿಸಿದ ತುರಾಬ್ ಅಲಿ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮನೆಯ ಹಿರಿಯರ ಆಶ್ರಯದಲ್ಲಿ ಬೆಳೆದರು. ಇಪ್ಪತ್ತು ತುಂಬುವ ಮೊದಲೇ ಖಮ್ಮಂ ಭಾಗದ ತಾಲ್ಲೂಕುದಾರರಾಗಿ ಕಂದಾಯದ ಕೆಲಸ ಕಲಿತರು. ಆಗಿನ ತಾಲ್ಲೂಕುದಾರ ಎಂದರೆ ಇಂದಿನ ಜಿಲ್ಲಾಧಿಕಾರಿಯ ಸ್ಥಾನ.

ಅವರ ಚಿಕ್ಕಂದಿನ ಹೈದರಾಬಾದ್ ಸಾಲದಲ್ಲಿ ಮುಳುಗಿತ್ತು. ಸಂಸ್ಥಾನದ ಖರ್ಚಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ಕಂಟಿಂಜೆಂಟ್ ಸೇನೆಯ ಸಂಬಳ ಬಾಕಿ ಬೆಳೆಯುತ್ತಲೇ ಹೋಗಿತ್ತು. ಕಂದಾಯದ ಪ್ರದೇಶಗಳು ಸಾಹುಕಾರರಿಗೂ ಅರಬ್ ಜಮಾದಾರರಿಗೂ ಒತ್ತೆ ಬಿದ್ದಿದ್ದವು. 1853ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಾಕಿಯ ನೆಪದಲ್ಲಿ ಒಪ್ಪಂದವೊಂದನ್ನು ಹೇರಿತು. ಅದರಂತೆ ಹತ್ತಿ ಬೆಳೆಯುವ ಶ್ರೀಮಂತ ಬೇರಾರ್ ಪ್ರಾಂತ, ನಳದುರ್ಗ ಭಾಗ ಮತ್ತು ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು. ದೋಆಬ್ ಎಂದರೆ ನಮ್ಮ ಎಡೆದೊರೆ ನಾಡು. ಕುಷ್ಟಗಿ, ಗಂಗಾವತಿಗಳು ಇರುವುದು ಇದೇ ನಾಡಿನಲ್ಲಿ.

ಈ ಒಪ್ಪಂದಕ್ಕೆ ಒಪ್ಪಬೇಕಾಗಿ ಬಂದ ದಿವಾನ ಸಿರಾಜುಲ್ ಮುಲ್ಕ್ ತುರಾಬ್ ಅಲಿಯವರ ತಂದೆಯ ಸಹೋದರ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ದಿವಾನಗಿರಿ 24 ವರ್ಷದ ಯುವಕನ ಹೆಗಲಿಗೇರಿತು. ಖಾಲಿ ಖಜಾನೆಯ ಜೊತೆಗೆ ಬೇರಾರ್ ಕಳೆದುಕೊಂಡ ಮನೆತನ ಎಂಬ ಹೊರೆಯೂ ಅವರಿಗೆ ಬಳುವಳಿಯಾಗಿ ಬಂತು. ಮುಂದಿನ ಮೂವತ್ತು ವರ್ಷ ಆ ಹೊರೆಯನ್ನು ಅವರು ಕೆಳಗಿಳಿಸಲಿಲ್ಲ.

ಕೊಪ್ಪಳದ ಕೋಟೆ, ಎರಡು ನೆನಪು

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಬಂಡೆದ್ದಾಗ ದಖ್ಖನ್ ಎತ್ತ ವಾಲುವುದೆಂಬ ಆತಂಕ ಬ್ರಿಟಿಷರಿಗಿತ್ತು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ನೇತೃತ್ವದಲ್ಲಿ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ಸಾಲಾರ್ ಜಂಗ್ ಮುನ್ನವೇ ರೆಸಿಡೆಂಟರಿಗೆ ಸುದ್ದಿ ಮುಟ್ಟಿಸಿದ್ದರು. ದಾಳಿ ವಿಫಲವಾಯಿತು. ನಿಜಾಮರ ಸಂಸ್ಥಾನ ಕಂಪನಿಯ ಪಕ್ಷದಲ್ಲೇ ಉಳಿಯಿತು.

ಮರುವರ್ಷ ಬಂಡಾಯದ ಕಿಡಿ ಕೊಪ್ಪಳಕ್ಕೇ ತಾಗಿತು. ಮುಂಡರಗಿ ಭೀಮರಾಯರು ಹಮ್ಮಿಗಿ ಕೆಂಚನಗೌಡರೊಂದಿಗೆ ಕೊಪ್ಪಳದ ಕೋಟೆಯನ್ನು ಹಿಡಿದರು. 1858ರ ಜೂನ್ ಆರಂಭದಲ್ಲಿ ಬ್ರಿಟಿಷ್ ಪಡೆಗಳು ಕೋಟೆಗೆ ಮುತ್ತಿಗೆ ಹಾಕಿದವು. ಇಬ್ಬರೂ ಕಾದಾಡಿ ಮಡಿದರು. ಇಂದು ಕೊಪ್ಪಳದ ಜನ ಅಭಿಮಾನದಿಂದ ನೆನೆಯುವುದು ಈ ಇಬ್ಬರನ್ನು. ಸಾಲಾರ್ ಜಂಗ್ ಅವರ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಬದಿಗಿಡುವಂತಿಲ್ಲ. ಸಂಸ್ಥಾನವನ್ನು ಉಳಿಸಿಕೊಳ್ಳಬೇಕಾದರೆ ಬ್ರಿಟಿಷರೊಂದಿಗೆ ನಿಲ್ಲಬೇಕೆಂಬುದು ಅವರ ಲೆಕ್ಕವಾಗಿತ್ತು. ಆ ಲೆಕ್ಕಕ್ಕೆ ಬೆಲೆ ತೆತ್ತವರು ಬೇರೆಯವರು.

ಲೆಕ್ಕ ಅರ್ಧ ಫಲಿಸಿತು. 1860ರ ಒಪ್ಪಂದದಲ್ಲಿ ಬ್ರಿಟಿಷರು ರಾಯಚೂರು ದೋಆಬ್ ಮತ್ತು ನಳದುರ್ಗವನ್ನು ನಿಜಾಮರಿಗೆ ಹಿಂದಿರುಗಿಸಿದರು. ಸುಮಾರು 50 ಲಕ್ಷ ರೂಪಾಯಿಯ ಸಾಲ ಮನ್ನಾ ಆಯಿತು. ವೆಂಕಟಪ್ಪ ನಾಯಕರಿಂದ ಕಸಿದುಕೊಂಡಿದ್ದ ಸುರಪುರವನ್ನೂ ನಿಜಾಮರಿಗೆ ಕೊಟ್ಟರು. ಬೇರಾರ್ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು.

ಆಡಳಿತಕ್ಕೆ ಹೊಸ ಚೌಕಟ್ಟು

ಸಾಲಾರ್ ಜಂಗ್ ಅವರ ದೊಡ್ಡ ಕೆಲಸ ಆಡಳಿತ ಸುಧಾರಣೆ. ಕಂದಾಯವನ್ನು ಗುತ್ತಿಗೆದಾರರಿಗೆ ಹರಾಜು ಹಾಕುವ ಪದ್ಧತಿಯನ್ನು ಕೈಬಿಟ್ಟು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಅರಬ್ ಪಡೆಗಳ ಹಾವಳಿಗೆ ಕಡಿವಾಣ ಬಿತ್ತು. ನ್ಯಾಯಾಲಯಗಳು, ಪೊಲೀಸ್ ವ್ಯವಸ್ಥೆ, ಶಾಲೆಗಳು ಬಂದವು. ಕೆರೆ-ಕಾಲುವೆಗಳ ದುರಸ್ತಿ ನಡೆಯಿತು. 1865ರಲ್ಲಿ ಜಿಲ್ಲಾಬಂದಿ ಎಂಬ ಹೆಸರಿನಲ್ಲಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಲಾಯಿತು. ಕುಷ್ಟಗಿ ಮತ್ತು ಗಂಗಾವತಿ ನಿಜಾಮ ಸರ್ಕಾರದ ನೇರ ಆಡಳಿತದ ತಾಲ್ಲೂಕುಗಳಾಗಿ ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು ತಾಲ್ಲೂಕುಗಳು. ಅಲ್ಲಿನ ರೈತನ ಕಂದಾಯ ಸರ್ಕಾರದ ಖಜಾನೆಯ ಬದಲು ಜಹಗೀರಿನ ಖಜಾನೆಗೆ ಸಲ್ಲುತ್ತಿತ್ತು. ಒಂದೇ ನೆಲದ ನಾಲ್ಕು ತಾಲ್ಲೂಕುಗಳಲ್ಲಿ ಹೀಗೆ ಎರಡು ಬಗೆಯ ಒಡೆತನ ನಡೆದುಬಂತು.

ಸುಧಾರಣೆಗೆ ಶತ್ರುಗಳು ಹುಟ್ಟುವುದು ಸಹಜ. 1859ರಲ್ಲಿ ಒಮ್ಮೆ, 1868ರಲ್ಲಿ ಇನ್ನೊಮ್ಮೆ ಅವರ ಕೊಲೆಗೆ ಯತ್ನ ನಡೆಯಿತು. ಎರಡರಲ್ಲೂ ಅವರು ಪಾರಾದರು. 1869ರಲ್ಲಿ ನಿಜಾಮ ಅಫ್ಜಲುದ್ದೌಲಾ ನಿಧನರಾದಾಗ ಉತ್ತರಾಧಿಕಾರಿ ಮೀರ್ ಮಹಬೂಬ್ ಅಲಿ ಖಾನ್ ಇನ್ನೂ ಮೂರು ವರ್ಷ ತುಂಬದ ಕೂಸು. ರಾಜ್ಯಭಾರ ನಡೆಸಲು ಸಾಲಾರ್ ಜಂಗ್ ಮತ್ತು ಹಿರಿಯ ಸರದಾರ ಅಮೀರ್-ಎ-ಕಬೀರ್ ಜಂಟಿ ರೀಜೆಂಟರಾದರು.

ಯಾತ್ರೆಯ ಸಿದ್ಧತೆ

1875ರ ಕೊನೆಯಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವರು, ಭಾರತ ಪ್ರವಾಸಕ್ಕೆ ಬಂದರು. ಮುಂಬಯಿಯಲ್ಲಿ ಸಾಲಾರ್ ಜಂಗ್ ಅವರನ್ನು ಭೇಟಿಯಾದರು. ಇಂಗ್ಲೆಂಡಿಗೆ ಬರುವಂತೆ ದಿವಾನರಿಗೆ ಆಹ್ವಾನ ದೊರೆಯಿತು. ರಾಣಿಯ ದೇಶವನ್ನು ಕಂಡು ಬರುವ ಸೌಜನ್ಯದ ಪ್ರವಾಸ ಎಂಬುದೇ ಯಾತ್ರೆಯ ಮೇಲ್ನೋಟದ ರೂಪ. ಬೇರಾರ್ ಕುರಿತು ಕಲ್ಕತ್ತೆಯ ಸರ್ಕಾರಕ್ಕೆ ಕಳಿಸಿದ ಮನವಿಗಳಿಗೆ ಫಲ ಸಿಕ್ಕಿರಲಿಲ್ಲ. ಲಂಡನ್ನಿನ ಬಾಗಿಲನ್ನೇ ತಟ್ಟುವ ಅವಕಾಶ ಈಗ ಒದಗಿತ್ತು.

ಆಗಿನ ಪ್ರಯಾಣದ ಅನುಕೂಲಗಳೂ ಹೊಸವು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಆಫ್ರಿಕಾ ಸುತ್ತುವ ಹಾದಿ ತಪ್ಪಿತ್ತು. 1874ರಲ್ಲಿ ಹೈದರಾಬಾದಿಗೆ ವಾಡಿಯಿಂದ ರೈಲು ಬಂದಿತ್ತು. ಆ ರೈಲುಮಾರ್ಗ ಹಾಕಿಸಿದ್ದೂ ಸಾಲಾರ್ ಜಂಗ್ ಆಡಳಿತವೇ. ಹೈದರಾಬಾದಿನಲ್ಲಿ ಗಾಡಿ ಹತ್ತಿದವರು ವಾಡಿಯ ಮೂಲಕ ಮುಂಬಯಿ ಬಂದರು ತಲುಪಬಹುದಿತ್ತು. ಅವರ ಜಹಗೀರಿನ ಊರಾದ ಕೊಪ್ಪಳಕ್ಕೆ ಮಾತ್ರ ಆಗಿನ್ನೂ ರೈಲು ಬಂದಿರಲಿಲ್ಲ. 1876ರ ಏಪ್ರಿಲಿನಲ್ಲಿ ದೊಡ್ಡ ಪರಿವಾರದೊಂದಿಗೆ ದಿವಾನರು ಮುಂಬಯಿ ಬಿಟ್ಟರು.

ಸರೋವರದ ದಂಡೆಯ ಬಡಗಿ ಹುಡುಗ

ಇಟಲಿ ಆಗಷ್ಟೇ ಒಂದು ದೇಶವಾಗಿ ಒಗ್ಗೂಡಿತ್ತು. 1871ರಿಂದ ರೋಮ್ ಅದರ ರಾಜಧಾನಿ. ಯುರೋಪಿನ ಸಿರಿವಂತರು ರೋಮಿಗೆ ಬಂದರೆ ಶಿಲ್ಪಿಗಳ ಕಾರ್ಯಶಾಲೆಗಳಿಗೆ ಭೇಟಿ ಕೊಟ್ಟು ಅಮೃತಶಿಲೆಯ ಮೂರ್ತಿಯೊಂದನ್ನು ಕೊಳ್ಳುವುದು ವಾಡಿಕೆ. ಸಾಲಾರ್ ಜಂಗ್ ಕೊಂಡದ್ದು ಮುಸುಕಿನ ರೆಬೆಕಾ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಥೆಯಂತೆ ತಾನು ಮದುವೆಯಾಗಲಿರುವ ಐಸಾಕನನ್ನು ದೂರದಿಂದ ಕಂಡು ನಾಚಿ ಮುಖಕ್ಕೆ ಮುಸುಕೆಳೆದುಕೊಂಡ ಕನ್ಯೆ ರೆಬೆಕಾ. ಮುಸುಕೂ ಕಲ್ಲು, ಒಳಗಿನ ಮುಖವೂ ಕಲ್ಲು. ಆದರೂ ತೆಳುಬಟ್ಟೆಯೊಳಗಿಂದ ಮುಖ ಕಾಣುತ್ತಿದೆ ಎಂಬ ಭ್ರಮೆ ನೋಡುಗರಿಗೆ.

ಈ ರೂಪವನ್ನು ಕಲ್ಪಿಸಿದ ಜೊವಾನ್ನಿ ಮರಿಯಾ ಬೆನ್ಜೋನಿ 1809ರಲ್ಲಿ ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತದ ಬೆರ್ಗಮೊ ಸೀಮೆಯ ಬಡ ಕುಟುಂಬದಲ್ಲಿ ಹುಟ್ಟಿದವರು. ಇಸಿಯೊ ಸರೋವರದ ದಂಡೆಯಲ್ಲಿ ರೀವಾ ದಿ ಸೊಲ್ತೊ ಎಂಬ ಊರಿದೆ. ಹುಡುಗ ಬೆನ್ಜೋನಿ ಅಲ್ಲಿ ಬಂಧುವೊಬ್ಬರ ಬಡಗಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಕೈಚಳಕ ಕಂಡ ಕೌಂಟ್ ಲುಯಿಜಿ ತಾದಿನಿ ಅದೇ ಸರೋವರದ ತುದಿಯ ಲೊವೆರೆ ಊರಿನ ತಮ್ಮ ಕಲಾಶಾಲೆಯಲ್ಲಿ ಓದಿಸಿ ರೋಮಿಗೆ ಕಳಿಸಿದರು. ಬಡಗಿ ಹುಡುಗ ರೋಮಿನ ಹೆಸರಾಂತ ಶಿಲ್ಪಿಯಾದ. ಕೋಮೊ, ಗಾರ್ಡಾಗಳಷ್ಟು ಪ್ರಸಿದ್ಧವಲ್ಲದ ಇಸಿಯೊ ಇವತ್ತಿಗೂ ಅವೆರಡರ ನಡುವೆ ಗದ್ದಲ ಕಡಿಮೆಯಿರುವ ತಾಣ. ಇಟಲಿಯ ಸರೋವರಗಳಿಗೆ ಹೋಗುವ ಕನ್ನಡಿಗರು ಒಂದು ದಿನ ಅಲ್ಲಿ ನಿಂತರೆ ಹೈದರಾಬಾದಿನ ಮೂರ್ತಿಯೊಂದರ ಮೂಲವನ್ನು ಕಂಡಂತಾದೀತು.

ಸಾಲಾರ್ ಜಂಗ್ ರೋಮಿಗೆ ಬರುವ ಮೂರು ವರ್ಷ ಮೊದಲೇ, 1873ರಲ್ಲಿ, ಬೆನ್ಜೋನಿ ತೀರಿಕೊಂಡಿದ್ದರು. ರೆಬೆಕಾ ಮೂರ್ತಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದು, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲೂ ಕಾಣಸಿಗುತ್ತವೆ. ಹೈದರಾಬಾದಿಗೆ ಬಂದದ್ದು ಅವುಗಳಲ್ಲೊಂದು. ಅದಕ್ಕೆ ತೆತ್ತ ಹಣ ಯಾವ ಲೆಕ್ಕದ್ದೇ ಇರಲಿ, ಆ ಮನೆತನದ ಸಿರಿಯಲ್ಲಿ ಕೊಪ್ಪಳ-ಯಲಬುರ್ಗಾದ ಎರೆಭೂಮಿಯ ಪಾಲಿತ್ತು ಎಂಬುದು ಮರೆಯುವ ಮಾತಲ್ಲ.

ಬಿದ್ದದ್ದು ಪ್ಯಾರಿಸ್ಸಿನಲ್ಲಿ

ರೋಮಿನ ನಂತರ ಪ್ಯಾರಿಸ್. ಅಲ್ಲಿ ತಂಗಿದ್ದ ಹೋಟೆಲಿನ ಮೆಟ್ಟಿಲ ಮೇಲೆ ದಿವಾನರು ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಪ್ರವಾಸ ನಿಲ್ಲಿಸಿ ಚಿಕಿತ್ಸೆ ಪಡೆದು ಊರಿಗೆ ಮರಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಬಂದ ಕೆಲಸ ಇಂಗ್ಲೆಂಡಿನಲ್ಲಿತ್ತು. ನಡೆಯಲಾಗದ ಸ್ಥಿತಿಯಲ್ಲೇ ಅವರು ಕಾಲುವೆ ದಾಟಿದರು.

ಇಂಗ್ಲೆಂಡ್ ಅವರನ್ನು ಆದರಿಸಿತು. 1876ರ ಜೂನ್ 21ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಲಂಡನ್ ನಗರದ ಗೌರವ ಪೌರತ್ವ ದೊರೆಯಿತು. ರಾಣಿ ವಿಕ್ಟೋರಿಯಾ ಬರಮಾಡಿಕೊಂಡರು. 1857ರಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಉಳಿಸಿದವರಲ್ಲಿ ಒಬ್ಬರೆಂದು ಅಲ್ಲಿನ ಗಣ್ಯರು ಅವರನ್ನು ಹೊಗಳಿದರು. ಔತಣ, ಸನ್ಮಾನಗಳಿಗೆ ಕೊರತೆಯಿರಲಿಲ್ಲ. ಬೇರಾರ್ ಮಾತೆತ್ತಿದಾಗ ಮಾತ್ರ ಬಾಗಿಲುಗಳು ಮುಚ್ಚಿಕೊಂಡವು. ಕಡತ ಮತ್ತೆ ಭಾರತ ಸರ್ಕಾರದ ಕಡೆಗೇ ತಿರುಗಿತು. ಬಿರುದುಗಳೊಂದಿಗೆ, ಬೇರಾರ್ ಇಲ್ಲದೆ, ಅದೇ ವರ್ಷದ ಆಗಸ್ಟ್ ವೇಳೆಗೆ ದಿವಾನರು ತಾಯ್ನಾಡಿಗೆ ಮರಳಿದರು.

ಮರಳಿದಾಗ ಬರ

ಅವರು ಮರಳಿದ ಆ ವರ್ಷ ಮುಂಗಾರು ಕೈಕೊಟ್ಟಿತ್ತು. ದಖ್ಖನ್ನಿನ ಒಣನೆಲದ ಮೇಲೆ 1876ರಿಂದ 1878ರವರೆಗೆ ಕವಿದ ಆ ಮಹಾಕ್ಷಾಮವನ್ನು ಕನ್ನಡ ನಾಡು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತದೆ. ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳಂತೆ ನಿಜಾಮ ಸಂಸ್ಥಾನದ ರಾಯಚೂರು, ಲಿಂಗಸುಗೂರು ಜಿಲ್ಲೆಗಳೂ ತತ್ತರಿಸಿದವು. ಜೋಳ ಬೆಳೆಯುವ ಹೊಲಗಳು ಬೀಳುಬಿದ್ದವು. ದನಕರುಗಳು ಸತ್ತವು. ಜನ ಊರು ಬಿಟ್ಟರು. ಕೆರೆ ಎಂದರೆ ವಿಹಾರದ ನೀರು ಎಂಬ ಕಲ್ಪನೆಯೇ ಆಗ ಈ ಸೀಮೆಗೆ ದೂರ. ಇಲ್ಲಿ ಕೆರೆ ತುಂಬಿದರೆ ಅನ್ನ, ಒಣಗಿದರೆ ಗುಳೆ.

ದಿವಾನರ ರಾಜಕೀಯದ ನೆಲವೂ ಬಿರುಕು ಬಿಟ್ಟಿತ್ತು. 1877ರ ಜನವರಿ 1ರ ದೆಹಲಿ ದರ್ಬಾರಿಗೆ ಬಾಲಕ ನಿಜಾಮರೊಂದಿಗೆ ಅವರು ಹೋಗಬೇಕಾಯಿತು. ಬೇರಾರ್ ಬೇಡಿಕೆ ಬಿಡದ ದಿವಾನರ ಮೇಲೆ ವೈಸರಾಯ್ ಲಿಟ್ಟನ್ ಅವರಿಗೆ ಅಸಮಾಧಾನ. ಅದೇ ವರ್ಷ ಜಂಟಿ ರೀಜೆಂಟರು ತೀರಿಕೊಂಡಾಗ, ಸಾಲಾರ್ ಜಂಗ್ ಅವರ ವಿರೋಧಿಯೆಂದು ಹೆಸರಾದ ರಶೀದುದ್ದೀನ್ ಖಾನರನ್ನು ಬ್ರಿಟಿಷ್ ಸರ್ಕಾರ ಆ ಸ್ಥಾನಕ್ಕೆ ತಂದಿತು. 1881ರ ಕೊನೆಯಲ್ಲಿ ರಶೀದುದ್ದೀನ್ ಖಾನ್ ನಿಧನರಾಗುವವರೆಗೆ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಎರಡು ದಿಕ್ಕಿನ ಎತ್ತುಗಳು.

ಮೀರ್ ಆಲಂ ಕೆರೆಯ ದಿನ

1882ರ ಹೊತ್ತಿಗೆ ಗಾಳಿ ಬದಲಾಯಿತು. ಹೊಸ ವೈಸರಾಯ್ ರಿಪನ್ ಉದಾರಿ. ಯುವ ನಿಜಾಮರಿಗೆ ಪಟ್ಟವೇರುವ ವಯಸ್ಸು ಸಮೀಪಿಸಿತ್ತು. ಅದಕ್ಕೆ ಮೊದಲು ಅವರಿಗೆ ಯುರೋಪ್ ತೋರಿಸಿಕೊಂಡು ಬರುವ ಯೋಜನೆ ಸಿದ್ಧವಾಯಿತು. 1883ರಲ್ಲಿ ಹೊರಡುವುದು, ದಿವಾನರೇ ಜೊತೆಗಿರುವುದು ಎಂದು ಏರ್ಪಾಡು. ಮೂವತ್ತು ವರ್ಷ ದುಡಿದ ದಿವಾನರಿಗೆ, ಬೆಳೆದ ಶಿಷ್ಯನೊಂದಿಗೆ ಹೋಗುವ ಇದು ಮೊದಲ ಯಾತ್ರೆಗಿಂತ ಹಗುರವಾದ ಪಯಣವಾಗಬಹುದಿತ್ತು.

ಆ ಫೆಬ್ರುವರಿಯ ಮೊದಲ ವಾರ ಜರ್ಮನಿಯ ಮೆಕ್ಲೆನ್‌ಬರ್ಗ್-ಶ್ವೆರಿನ್ ಮನೆತನದ ಡ್ಯೂಕ್ ಹೈದರಾಬಾದಿಗೆ ಅತಿಥಿಯಾಗಿ ಬಂದಿದ್ದರು. ಅವರಿಗಾಗಿ ಮೀರ್ ಆಲಂ ಕೆರೆಯಲ್ಲಿ ವಿಹಾರ ಏರ್ಪಾಡಾಯಿತು. ಈ ಕೆರೆಯ ಕಥೆಗೂ ಕನ್ನಡ ನಾಡಿನ ನಂಟಿದೆ. ಸಾಲಾರ್ ಜಂಗ್ ವಂಶದ ಹಿರಿಯ, ದಿವಾನ ಮೀರ್ ಆಲಂ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ದಂಡಯಾತ್ರೆಯಲ್ಲಿ ನಿಜಾಮರ ಸೇನೆಯೊಂದಿಗೆ ಇದ್ದವರು. ಅಲ್ಲಿ ಸಿಕ್ಕ ಪಾಲಿನ ಹಣದಿಂದ ಈ ಕೆರೆ ಕಟ್ಟಿಸಿದರೆಂಬ ಪ್ರತೀತಿ ಇದೆ. ಅರ್ಧಚಂದ್ರಾಕಾರದ 21 ಕಮಾನುಗಳನ್ನು ಸಾಲಾಗಿ ಜೋಡಿಸಿದ ಅದರ ಕಟ್ಟೆ ಇಂದಿಗೂ ಎಂಜಿನಿಯರುಗಳ ಬೆರಗಿಗೆ ಕಾರಣ. ಹೈದರಾಬಾದಿನ ಪ್ರಾಣಿ ಸಂಗ್ರಹಾಲಯ ಅದರ ಮಗ್ಗುಲಲ್ಲೇ ಇದೆ.

ಕೆರೆಯ ವಿಹಾರದಿಂದ ಮರಳಿದ ದಿವಾನರಿಗೆ ವಾಂತಿಭೇದಿ ಕಾಣಿಸಿಕೊಂಡಿತು. ಕಾಲರಾ ಎಂದು ವೈದ್ಯರು ತಿಳಿಯುವಷ್ಟರಲ್ಲಿ ದೇಹ ಸೋತಿತ್ತು. 1883ರ ಫೆಬ್ರುವರಿ 8ರಂದು ಸಾಲಾರ್ ಜಂಗ್ ಕೊನೆಯುಸಿರೆಳೆದರು. ಆಗ ಅವರಿಗೆ 54 ವರ್ಷ. ವಿಷಪ್ರಾಶನದ ಗುಸುಗುಸು ನಗರದಲ್ಲಿ ಹಬ್ಬಿತಾದರೂ ದಾಖಲೆಗಳು ಹೇಳುವುದು ಕಾಲರಾ ಎಂದೇ. ಆ ರೋಗದ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಲು ಇನ್ನೂ ಒಂದು ವರ್ಷವಿತ್ತು. ಅವರೊಂದಿಗೇ ನಿಜಾಮರ ಯುರೋಪ್ ಯಾತ್ರೆಯ ಯೋಜನೆಯೂ ಮಣ್ಣಾಯಿತು.

ಉಳಿದದ್ದು

ಬೇರಾರ್ ಹೈದರಾಬಾದಿಗೆ ಮರಳಲೇ ಇಲ್ಲ. 1902ರಲ್ಲಿ ವೈಸರಾಯ್ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಯ ಶಾಶ್ವತ ಗುತ್ತಿಗೆಗೆ ನಿಜಾಮರನ್ನು ಒಪ್ಪಿಸಿದರು. ದಿವಾನರು ಬಿಟ್ಟುಹೋದ ಜಿಲ್ಲೆ, ತಾಲ್ಲೂಕುಗಳ ಚೌಕಟ್ಟು ಮಾತ್ರ ಬಾಳಿತು. 1949ರಲ್ಲಿ ಜಹಗೀರುಗಳು ರದ್ದಾದವು. ಕೊಪ್ಪಳ, ಯಲಬುರ್ಗಾ ರೈತರು ಮೊದಲ ಬಾರಿಗೆ ಕುಷ್ಟಗಿ, ಗಂಗಾವತಿಯವರಂತೆ ನೇರವಾಗಿ ಸರ್ಕಾರದ ಪ್ರಜೆಗಳಾದರು. 1956ರಲ್ಲಿ ಈ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳೂ ಒಂದೇ ಕೊಪ್ಪಳ ಜಿಲ್ಲೆಯಾದವು.

ದಿವಾನರ ಮೊಮ್ಮಗ, ಮೂರನೇ ಸಾಲಾರ್ ಜಂಗ್ ಯೂಸುಫ್ ಅಲಿ ಖಾನ್, ಬದುಕಿಡೀ ಕಲಾವಸ್ತುಗಳನ್ನು ಕೂಡಿಹಾಕಿದರು. 1949ರಲ್ಲಿ ಅವರ ನಿಧನದ ಬಳಿಕ, 1951ರ ಡಿಸೆಂಬರ್ 16ರಂದು ಪ್ರಧಾನಿ ನೆಹರೂ ಆ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು. 1968ರಿಂದ ಮೂಸಿ ನದಿಯ ದಂಡೆಯ ಈಗಿನ ಕಟ್ಟಡದಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನಡೆಯುತ್ತಿದೆ. ಅಜ್ಜ ರೋಮಿನಿಂದ ತಂದ ರೆಬೆಕಾ ಅಲ್ಲಿ ಇಂದೂ ಜನರನ್ನು ನಿಲ್ಲಿಸಿಕೊಳ್ಳುತ್ತಾಳೆ. ಕೊಪ್ಪಳ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗುವ ಮಕ್ಕಳು ಆ ಮೂರ್ತಿಯ ಎದುರು ನಿಂತಾಗ, ಅದನ್ನು ತಂದವರ ಮನೆತನಕ್ಕೆ ತಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟುತ್ತಿದ್ದರೆಂದು ಹೇಳುವವರು ವಿರಳ.

ಬರದ ಸೀಮೆಗೂ ನೀರು ಬಂದಿದೆ. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದ ಎಡದಂಡೆ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿದೆ. ಎಡದಂಡೆ ಕಾಲುವೆಯ ನೀರು ನಿಂತದ್ದೇ ಸಾಣಾಪುರ ಕೆರೆ. ಅಲ್ಲಿ ಹರಿಗೋಲು ಹತ್ತುವ ಪ್ರವಾಸಿ ಒಂದು ತಾಸಿನಲ್ಲಿ ಪಡೆಯುವ ನಿರಾಳವನ್ನು ಕೊಪ್ಪಳದ ಜಹಗೀರುದಾರ, ಹೈದರಾಬಾದಿನ ದಿವಾನ ಮೀರ್ ತುರಾಬ್ ಅಲಿ ಖಾನ್ ಇಟಲಿಗೆ ಹೋಗಿಯೂ ಪಡೆಯಲಿಲ್ಲ.